ಮಲಪನಗುಡಿ ದಾರಿಯಲ್ಲಿ ಪೋರ್ಚುಗಲ್ ಗೆಳೆಯರು

ಹೊಸಪೇಟೆಯಲ್ಲಿ ಹಂಪಿ ಬಸ್ಸು ಹತ್ತಿದರೆ ಮೊದಲು ಅನಂತಶಯನಗುಡಿ ಸಿಗುತ್ತದೆ, ಆಮೇಲೆ ಮಲಪನಗುಡಿ. ಎರಡೂ ಊರುಗಳ ಹೆಸರಿನಲ್ಲೇ ಗುಡಿ ಇದೆ. ಮಲಪನಗುಡಿಯಲ್ಲಿ ಕಮಾನುಗಳಿರುವ ಹಳೆಯ ಮೆಟ್ಟಿಲು ಬಾವಿಯೂ ಒಂದಿದೆ. ಈ ದಾರಿಯಲ್ಲಿ ಬೆನ್ನಿಗೆ ದೊಡ್ಡ ಚೀಲ ಏರಿಸಿಕೊಂಡ ವಿದೇಶಿ ಗೆಳೆಯರ ಗುಂಪುಗಳು ಓಡಾಡುತ್ತಲೇ ಇರುತ್ತವೆ. ಕೆಲವರು ಆಟೋದಲ್ಲಿ, ಕೆಲವರು ಬಾಡಿಗೆ ಸೈಕಲ್ಲಿನಲ್ಲಿ. ಊರಿನ ಮಕ್ಕಳು ಕೈ ಬೀಸಿದರೆ ಅವರೂ ಬೀಸುತ್ತಾರೆ.

1986ರಲ್ಲಿ ಹಂಪಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆಮೇಲೆಯೇ ಹೊರದೇಶದವರು ಇಲ್ಲಿಗೆ ಬರತೊಡಗಿದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಮಕ್ಕಳೇ. ಐನೂರು ವರ್ಷಗಳ ಹಿಂದೆಯೇ ಒಂದು ಗೆಳೆಯರ ಗುಂಪು ಸಮುದ್ರ ದಾಟಿ ಬಂದು ಈ ಭಾಗದಲ್ಲಿ ಓಡಾಡಿತ್ತು. ಅವರಲ್ಲಿ ಒಬ್ಬ ತಾನು ಕಂಡದ್ದನ್ನೆಲ್ಲ ಬರೆದಿಟ್ಟ. ಅವನ ಹೆಸರು ಡೊಮಿಂಗೊ ಪೇಸ್.

ಯಾರು ಈ ಗೆಳೆಯರು?

ಪೋರ್ಚುಗಲ್ ಯುರೋಪಿನ ಪಶ್ಚಿಮದ ಅಂಚಿನಲ್ಲಿರುವ ಚಿಕ್ಕ ದೇಶ. ಅಲ್ಲಿಂದ ಹೊರಟ ವಾಸ್ಕೊ ಡ ಗಾಮ 1498ರಲ್ಲಿ ಆಫ್ರಿಕಾ ಖಂಡವನ್ನು ಸುತ್ತಿಕೊಂಡು ಕಲ್ಲಿಕೋಟೆಗೆ ಬಂದದ್ದನ್ನು ನೀವು ಪಾಠದಲ್ಲಿ ಓದಿದ್ದೀರಿ. 1510ರಲ್ಲಿ ಪೋರ್ಚುಗೀಸರು ಗೋವಾವನ್ನು ವಶಪಡಿಸಿಕೊಂಡರು. ಲಿಸ್ಬನ್ನಿನಿಂದ ಗೋವಾಕ್ಕೆ ಬರಲು ಹಾಯಿಹಡಗಿನಲ್ಲಿ ಸುಮಾರು ಆರು ತಿಂಗಳು ಬೇಕಾಗುತ್ತಿತ್ತು. ದಾರಿಯಲ್ಲಿ ಬಿರುಗಾಳಿ, ಕಾಯಿಲೆ, ಕುಡಿಯುವ ನೀರಿನ ಕೊರತೆ.

ಇಷ್ಟು ಕಷ್ಟಪಟ್ಟು ಬಂದವರಿಗೆ ವಿಜಯನಗರದಲ್ಲಿ ಏನು ಕೆಲಸ? ಮುಖ್ಯವಾಗಿ ಕುದುರೆ ವ್ಯಾಪಾರ. ನಮ್ಮ ರಾಜರಿಗೆ ಯುದ್ಧಕ್ಕೆ ಒಳ್ಳೆಯ ಕುದುರೆಗಳು ಬೇಕಿದ್ದವು. ಅವು ಅರಬ್ ನಾಡುಗಳಿಂದ, ಪರ್ಷಿಯಾ ಕೊಲ್ಲಿಯ ಓರ್ಮಜ್‌ನಿಂದ ಹಡಗಿನಲ್ಲಿ ಬರಬೇಕಿತ್ತು. ಪೇಸ್ ಬಂದುಹೋದ ಕೆಲವು ವರ್ಷಗಳ ಮೇಲೆ ಫೆರ್ನಾವೊ ನೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸ್ ಬಂದ. ವಿಜಯನಗರದ ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದು ಅವನು ಬರೆದಿದ್ದಾನೆ. ಅವನು ಹೇಳುವ ತಮಾಷೆಯ ಸಂಗತಿ ಒಂದಿದೆ. ಹಿಂದೆ ಸಾಳುವ ನರಸಿಂಹನ ಕಾಲದಲ್ಲಿ ಕುದುರೆ ಸಮುದ್ರದ ಮೇಲೆಯೇ ಸತ್ತರೂ ವ್ಯಾಪಾರಿಗೆ ನಷ್ಟವಿರಲಿಲ್ಲವಂತೆ. ಬಾಲವನ್ನು ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಗೆ ಕೊಡುವಷ್ಟೇ ಹಣ ಕೊಡುತ್ತಿದ್ದನಂತೆ!

ಪೇಸ್ ಬಂದದ್ದು 1520ರಿಂದ 1522ರ ನಡುವೆ, ಶ್ರೀಕೃಷ್ಣದೇವರಾಯನ ಕಾಲದಲ್ಲಿ. ಅವನ ಗುಂಪಿನ ಮುಂದಾಳು ಕ್ರಿಸ್ಟೊವಾವೊ ದ ಫಿಗೆರೆಡೊ. 1520ರ ರಾಯಚೂರು ಯುದ್ಧದಲ್ಲಿ ಇಪ್ಪತ್ತು ಮಂದಿ ಕೋವಿಗಾರರ ಜೊತೆ ಕೃಷ್ಣದೇವರಾಯನಿಗೆ ನೆರವಾದವನು ಇವನೇ ಎಂದು ನೂನಿಜ್ ಹೇಳುತ್ತಾನೆ.

ಹೊಸಪೇಟೆಯಲ್ಲಿ ರಾಜನ ಭೇಟಿ

ಈ ಗುಂಪು ಬಂದಾಗ ರಾಜ ಹಂಪಿಯಲ್ಲಿ ಇರಲಿಲ್ಲ. ತಾನೇ ಕಟ್ಟಿಸುತ್ತಿದ್ದ ಹೊಸ ಪಟ್ಟಣದಲ್ಲಿದ್ದ. ಆಗ ಅದಕ್ಕೆ ನಾಗಲಾಪುರ ಎಂಬ ಹೆಸರಿತ್ತು. ಅದೇ ಇಂದಿನ ಹೊಸಪೇಟೆ. ಗೆಳೆಯರೆಲ್ಲ ತಮ್ಮಲ್ಲಿದ್ದ ಒಳ್ಳೊಳ್ಳೆಯ ಬಟ್ಟೆ ತೊಟ್ಟು ಅಲ್ಲಿಗೇ ಹೋದರು.

ರಾಜ ಚಿನ್ನದ ಗುಲಾಬಿಗಳನ್ನು ಕಸೂತಿ ಮಾಡಿದ ಬಿಳಿ ಉಡುಪಿನಲ್ಲಿ, ಕೊರಳಿಗೆ ವಜ್ರದ ಹಾರ ಹಾಕಿಕೊಂಡು ಕುಳಿತಿದ್ದ. ಫಿಗೆರೆಡೊ ಗೋವಾದಿಂದ ತಂದ ಪತ್ರಗಳನ್ನೂ ಕಾಣಿಕೆಗಳನ್ನೂ ಒಪ್ಪಿಸಿದ. ಕಾಣಿಕೆಗಳಲ್ಲಿ ರಾಜನಿಗೆ ಬಹಳ ಹಿಡಿಸಿದ್ದು ಆರ್ಗನ್ ಎಂಬ ಸಂಗೀತ ವಾದ್ಯ. ಗಾಳಿಯಿಂದ ನುಡಿಯುವ ವಾದ್ಯ ಅದು. ಈಗಿನ ಹಾರ್ಮೋನಿಯಂನ ಹಿರಿಯ ನೆಂಟ ಅನ್ನಿ. ರಾಜ ಪೋರ್ಚುಗಲ್ ದೊರೆಯ ಕ್ಷೇಮ ವಿಚಾರಿಸಿದ. ಬಂದವರನ್ನು ಹತ್ತಿರ ಕರೆದ. ಮುಟ್ಟಿ ನೋಡಿದ. ಎಷ್ಟು ನೋಡಿದರೂ ಅವನಿಗೆ ಸಾಕಾಗಲಿಲ್ಲವಂತೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಪೇಸ್ ಸಾವಿರಾರು ಮೈಲಿ ದಾಟಿ ಬಂದದ್ದು ಈ ನಾಡನ್ನು ನೋಡಲಿಕ್ಕೆ. ಇಲ್ಲಿ ನೋಡಿದರೆ ಸಾಮ್ರಾಟನೇ ಕಣ್ಣರಳಿಸಿ ಅವನನ್ನು ನೋಡುತ್ತಿದ್ದಾನೆ! ಪ್ರವಾಸ ಎಂದರೆ ಹೋದವರು ನೋಡುವುದು ಮಾತ್ರವಲ್ಲ, ಊರಿನವರೂ ಅವರನ್ನು ನೋಡುತ್ತಾರೆ. ವಿದೇಶಿಯರನ್ನು ಆದರದಿಂದ ಬರಮಾಡಿಕೊಂಡು, ಅವರು ಯಾವ ಅಂತಸ್ತಿನವರೇ ಆಗಿರಲಿ, ಅವರ ಸುಖದುಃಖ ವಿಚಾರಿಸುವುದು ಈ ರಾಜನ ಗುಣ ಎಂದು ಪೇಸ್ ಮೆಚ್ಚಿ ಬರೆದಿದ್ದಾನೆ.

ಫಿಗೆರೆಡೊಗೆ ಜರತಾರಿ ಅಂಗಿ ಮತ್ತು ಟೋಪಿ ಉಡುಗೊರೆ ಸಿಕ್ಕಿತು. ಉಳಿದ ಒಬ್ಬೊಬ್ಬರಿಗೂ ಚಿತ್ರ ಕಸೂತಿಯ ಬಟ್ಟೆ ಸಿಕ್ಕಿತು. ಬಿಡಾರಕ್ಕೆ ಕುರಿ, ಕೋಳಿ, ಬೆಣ್ಣೆಯ ಗಡಿಗೆ, ಜೇನಿನ ಗಡಿಗೆಗಳೂ ಬಂದವು. ಫಿಗೆರೆಡೊ ಅವನ್ನು ತನ್ನೊಡನೆ ಬಂದಿದ್ದ ಆಳುಕಾಳುಗಳಿಗೆಲ್ಲ ಕೂಡಲೇ ಹಂಚಿಬಿಟ್ಟನಂತೆ. ಒಳ್ಳೆಯ ಮುಂದಾಳು!

ಮರಗಳ ನೆರಳಿನ ರಸ್ತೆ

ನಾಗಲಾಪುರದಿಂದ ರಾಜಧಾನಿಗೆ ಒಂದು ಲೀಗ್ ದೂರ ಎಂದು ಪೇಸ್ ಅಂದಾಜು ಮಾಡಿದ್ದಾನೆ. ನಮ್ಮ ಲೆಕ್ಕದಲ್ಲಿ ಐದಾರು ಕಿಲೋಮೀಟರ್. ಆ ರಸ್ತೆ ಬಹಳ ಅಗಲವಾಗಿತ್ತು. ಎರಡೂ ಬದಿಯಲ್ಲಿ ಸಾಲು ಮನೆಗಳು, ಬೇಕಾದ್ದೆಲ್ಲ ಸಿಗುವ ಅಂಗಡಿಗಳು. ನಡೆಯುವವರಿಗೆ ನೆರಳಿರಲಿ ಎಂದು ರಾಜ ಉದ್ದಕ್ಕೂ ಮರ ನೆಡಿಸಿದ್ದ. ದಾರಿಯಲ್ಲಿ ಅವನು ಕಟ್ಟಿಸಿದ ಸುಂದರವಾದ ಕಲ್ಲಿನ ದೇವಾಲಯವೂ ಇತ್ತು. ಅದು ಅನಂತಶಯನಗುಡಿಯ ದೇವಾಲಯವೇ ಇರಬಹುದೆಂಬ ಊಹೆ ಇದೆ.

ಇಂದಿನ ಡಾಂಬರು ರಸ್ತೆ ಹಳೆಯ ದಾರಿಯ ಗೆರೆಯ ಮೇಲೆಯೇ ಬಿದ್ದಿದೆ ಎಂದು ಹೇಳುವಂತಿಲ್ಲ. ಆದರೆ ಮಲಪನಗುಡಿ ಇರುವುದು ಆ ಎರಡು ಪಟ್ಟಣಗಳ ನಡುವೆಯೇ. ಅಜ್ಜ ಅಜ್ಜಿಯರಲ್ಲಿ ಅನೇಕರು ಈ ದಾರಿಯನ್ನು ಎತ್ತಿನ ಗಾಡಿಯಲ್ಲೋ ಕಾಲ್ನಡಿಗೆಯಲ್ಲೋ ದಾಟಿರಬಹುದು. ಪೇಸ್ ಕೂಡ ಎತ್ತುಗಳ ಕಾಲದವನೇ. ಕರಾವಳಿಯ ಭಟ್ಕಳಕ್ಕೆ ಐದಾರು ಸಾವಿರ ಹೇರೆತ್ತುಗಳು ಬರುತ್ತಿದ್ದವೆಂದೂ, ಇಪ್ಪತ್ತು ಮೂವತ್ತು ಎತ್ತಿಗೆ ಒಬ್ಬನೇ ಆಳು ಇರುತ್ತಿದ್ದನೆಂದೂ ಅವನು ಬರೆದಿದ್ದಾನೆ.

ರಾಜಧಾನಿಯ ಪೇಟೆಯಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತು ಎಲ್ಲವೂ ಮಾರಾಟಕ್ಕಿದ್ದವು. ಮುತ್ತುರತ್ನಗಳ ವಿಚಾರ ಎಲ್ಲರೂ ಬರೆಯುತ್ತಾರೆ. ಪೇಸ್ ಹಣ್ಣಿನ ಬೆಲೆಯನ್ನೂ ಬರೆದಿಟ್ಟ. ಒಂದು ಹಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಇಲ್ಲವೇ ಹತ್ತು ದಾಳಿಂಬೆ. ಹಣ ಎಂದರೆ ಆಗಿನ ಚಿಕ್ಕ ಚಿನ್ನದ ನಾಣ್ಯ. ಕಿತ್ತಳೆ, ನಿಂಬೆ, ಹಲಸು, ಮಾವು ರಾಶಿ ರಾಶಿ ಬೀಳುತ್ತಿದ್ದವು. ಸಂಜೆಯ ಸಂತೆ ಬೇರೆ, ಶುಕ್ರವಾರದ ಸಂತೆ ಬೇರೆ.

ಬಾಗಿಲಲ್ಲಿ ತಲೆ ಎಣಿಕೆ

ಫಿಗೆರೆಡೊ ಅರಮನೆ ನೋಡಬೇಕೆಂದು ಕೇಳಿಕೊಂಡ. ರಾಜ ಒಪ್ಪಿಗೆ ಕೊಟ್ಟ. ಆದರೆ ಬಾಗಿಲಲ್ಲಿ ಕಾವಲುಗಾರರು ಎಷ್ಟು ಜನ ಎಂದು ಎಣಿಸಿ, ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟರು. ಶಾಲೆಯ ಪ್ರವಾಸದಲ್ಲಿ ಮೇಷ್ಟ್ರು ಬಸ್ಸಿನ ಬಾಗಿಲಲ್ಲಿ ನಿಂತು ತಲೆ ಎಣಿಸುವುದಿಲ್ಲವೇ, ಹಾಗೆ!

ಒಳಗೆ ಒಂದು ಕೋಣೆ ನೆಲದಿಂದ ಮೇಲಿನವರೆಗೆ ದಂತದ್ದೇ. ಕಂಬಗಳ ಮೇಲೆ ದಂತದಲ್ಲೇ ಕೆತ್ತಿದ ಗುಲಾಬಿ, ತಾವರೆ. ನೃತ್ಯ ಕಲಿಸುವ ಸಭಾಂಗಣದ ಫಲಕಗಳಲ್ಲಿ ನೃತ್ಯದ ಭಂಗಿಗಳನ್ನು ಕೆತ್ತಿದ್ದರು. ಕಲಿಯುವವರು ಯಾವುದಾದರೂ ಭಂಗಿ ಮರೆತರೆ ಫಲಕ ನೋಡಿ ನೆನಪು ಮಾಡಿಕೊಳ್ಳಬಹುದಿತ್ತು. ಕಲ್ಲು ಮರದ ಪಠ್ಯಪುಸ್ತಕ ಎನ್ನಬಹುದು.

ಇವೆಲ್ಲಕ್ಕಿಂತ ಅಚ್ಚರಿಯ ವಸ್ತು ಗೋಡೆಯ ಮೇಲಿತ್ತು. ಈ ನಾಡಿಗೆ ಬಂದುಹೋದ ಹೊರನಾಡಿನವರೆಲ್ಲ ಹೇಗೆ ಬಾಳುತ್ತಾರೆ ಎಂಬುದನ್ನು ಅಲ್ಲಿ ಬಣ್ಣದಲ್ಲಿ ಬಿಡಿಸಿದ್ದರು. ಅದರಲ್ಲಿ ಪೋರ್ಚುಗೀಸರೂ ಇದ್ದರು! ಅರಮನೆಯ ರಾಣಿಯರು ಹೊರಗೆ ಹೋಗುವಂತಿರಲಿಲ್ಲ. ಪರದೇಶದ ಜನರ ರೀತಿನೀತಿಯನ್ನು ಅವರು ಆ ಚಿತ್ರಗಳಿಂದಲೇ ತಿಳಿಯುತ್ತಿದ್ದರು. ಪೇಸ್ ನಮ್ಮ ವಿಚಾರ ಬರೆಯುವ ಮೊದಲೇ ನಮ್ಮ ಚಿತ್ರಕಾರರು ಅವನ ಜನರ ವಿಚಾರವನ್ನು ಬಣ್ಣದಲ್ಲಿ ಬರೆದು ಮುಗಿಸಿದ್ದರು.

ಆ ಚಿತ್ರಗಳು ಇಂದು ಉಳಿದಿಲ್ಲ. ಆದರೆ ಕಲ್ಲಿನಲ್ಲಿ ಕೆತ್ತಿದ ಹೊರನಾಡಿನವರು ಇದ್ದಾರೆ. ಹಂಪಿಗೆ ಹೋದಾಗ ಮಹಾನವಮಿ ದಿಬ್ಬದ ಕಲ್ಲುಗಳನ್ನೂ ವಿಜಯವಿಠ್ಠಲ ದೇವಾಲಯದ ಅಧಿಷ್ಠಾನವನ್ನೂ ಬಗ್ಗಿ ನೋಡಿ. ಬೇರೆ ಬಗೆಯ ಟೋಪಿ, ಅಂಗಿ ತೊಟ್ಟು ಕುದುರೆ ಹಿಡಿದುಕೊಂಡ ಪರದೇಶಿಗಳು ಸಿಗುತ್ತಾರೆ.

ಗಿರಗಿರನೆ ತಿರುಗುವ ದೋಣಿ

ಪ್ರವಾಸ ಎಂದ ಮೇಲೆ ಸ್ವಲ್ಪ ಸಾಹಸವೂ ಬೇಕು. ಆನೆಗೊಂದಿಗೆ ಹೋಗಲು ತುಂಗಭದ್ರೆಯನ್ನು ದಾಟಬೇಕು. ಸಮುದ್ರದ ದೊಡ್ಡ ಹಡಗುಗಳನ್ನು ಕಂಡಿದ್ದ ಪೇಸ್‌ಗೆ ಇಲ್ಲಿಯ ದೋಣಿ ವಿಚಿತ್ರವಾಗಿ ಕಂಡಿತು. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮದ ಹೊದಿಕೆ. ಹದಿನೈದಿಪ್ಪತ್ತು ಜನ ಕೂರಬಹುದು. ಬೇಕಾದರೆ ಕುದುರೆ, ಎತ್ತುಗಳನ್ನೂ ಏರಿಸಬಹುದು. ಹುಟ್ಟು ಹಾಕಿದರೆ ನೇರ ಹೋಗದೆ ಸುತ್ತ ಸುತ್ತುತ್ತಲೇ ಸಾಗುತ್ತದೆ. ಗೊತ್ತಾಯಿತಲ್ಲ? ನಮ್ಮ ಹರಿಗೋಲು! ಇಂದು ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಬಂದಿದೆ. ಸುತ್ತುವುದು ಮಾತ್ರ ಹಾಗೆಯೇ ಇದೆ.

ಪೇಸ್ ಒಂದು ಬೆಟ್ಟವನ್ನೂ ಹತ್ತಿದ. ನಗರ ಎಷ್ಟು ದೊಡ್ಡದು ಎಂದು ಕಾಣಬೇಕಿತ್ತು. ಆದರೆ ಬೆಟ್ಟಸಾಲುಗಳ ಮರೆಯಿಂದ ಇಡೀ ನಗರ ಕಾಣಲಿಲ್ಲ. ಕಂಡಷ್ಟು ಭಾಗವೇ ರೋಮ್ ನಗರದಷ್ಟು ದೊಡ್ಡದಾಗಿ, ಬಹಳ ಚೆಲುವಾಗಿ ಕಂಡಿತು. ಪೂರ್ತಿ ನೋಡಿದೆ ಎಂದು ಅವನು ಜಂಬ ಕೊಚ್ಚಿಕೊಳ್ಳಲಿಲ್ಲ. ಇಷ್ಟು ಕಂಡಿತು, ಉಳಿದದ್ದು ಕಾಣಲಿಲ್ಲ ಎಂದೇ ಬರೆದ. ಅವನ ಮಾತಿಗೆ ಇಂದಿಗೂ ಬೆಲೆ ಇರುವುದು ಇದರಿಂದಲೇ.

ಕೆರೆ ಕಟ್ಟುವ ಕೆಲಸವನ್ನೂ ಅವನು ನೋಡಿದ. ಹೊಸ ಪಟ್ಟಣಕ್ಕೂ ತೋಟ ಗದ್ದೆಗಳಿಗೂ ನೀರು ಬೇಕೆಂದು ರಾಜ ಬೆಟ್ಟಗಳ ನಡುವೆ ಭಾರಿ ಏರಿ ಹಾಕಿಸುತ್ತಿದ್ದ. ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರು. ನಡೆಯುವ ನೆಲವೇ ಕಾಣದಷ್ಟು ಜನ. ಏರಿ ಎರಡು ಮೂರು ಸಲ ಒಡೆಯಿತು. ಮತ್ತೆ ಕಟ್ಟಿದರು. ಈ ಕೆಲಸಕ್ಕೆ ಜೊವಾವೊ ದ ಲಾ ಪೊಂಟೆ ಎಂಬ ಪೋರ್ಚುಗೀಸ್ ಕಲ್ಲುಕೆಲಸಗಾರನ ಸಹಾಯ ಪಡೆದರೆಂದು ನೂನಿಜ್ ತಿಳಿಸುತ್ತಾನೆ. ಹೊರಗಿನವನ ಕೈಚಳಕ, ಊರಿನವರ ದುಡಿಮೆ ಎರಡೂ ಸೇರಿದವು. ಹೊಸಪೇಟೆ ಸುತ್ತ ಕಬ್ಬು, ಬಾಳೆ ಬೆಳೆಯುವ ಗದ್ದೆಗಳಿಗೆ ವಿಜಯನಗರ ಕಾಲದ ಕಾಲುವೆಗಳು ಇಂದೂ ನೀರು ಹರಿಸುತ್ತಿವೆ. ಅವುಗಳಲ್ಲಿ ರಾಯ ಕಾಲುವೆ, ಬಸವಣ್ಣ ಕಾಲುವೆಗಳ ಹೆಸರು ಇಲ್ಲಿಯ ರೈತರಿಗೆಲ್ಲ ಗೊತ್ತು.

ಎಣ್ಣೆ ಕುಡಿದ ರಾಜ, ಬೀಳಲಿದ್ದ ಪ್ರವಾಸಿ

ಪೇಸ್ ಕೃಷ್ಣದೇವರಾಯನನ್ನು ದೇವರಂತೆ ಚಿತ್ರಿಸಲಿಲ್ಲ. ಸಾಧಾರಣ ಎತ್ತರ, ಬಿಳುಪು ಬಣ್ಣ, ಸಣಕಲಲ್ಲ, ಸ್ವಲ್ಪ ದಪ್ಪವೇ. ಮುಖದ ಮೇಲೆ ಸಿಡುಬಿನ ಕಲೆ. ಕಂಡದ್ದು ಕಂಡಂತೆ. ರಾಜನ ದಿನಚರಿಯನ್ನೂ ಬರೆದ. ಬೆಳಕು ಹರಿಯುವ ಮೊದಲೇ ಎದ್ದು ಒಂದು ದೊಡ್ಡ ಲೋಟದಷ್ಟು ಎಳ್ಳೆಣ್ಣೆ ಕುಡಿಯುತ್ತಿದ್ದ. ಮೈಗೆಲ್ಲ ಅದನ್ನೇ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನು ಎತ್ತಿ, ಕತ್ತಿ ತಿರುಗಿಸಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಸಾಮು ಮಾಡುತ್ತಿದ್ದ. ಆಮೇಲೆ ಜಟ್ಟಿಯೊಬ್ಬನ ಜೊತೆ ಕುಸ್ತಿ, ಆಮೇಲೆ ಬೆಳಗಾಗುವವರೆಗೆ ಕುದುರೆ ಸವಾರಿ. ಬೆಳಿಗ್ಗೆ ಏಳಲು ಸೋಮಾರಿತನ ಮಾಡುವ ಮೊಮ್ಮಕ್ಕಳಿಗೆ ಅಜ್ಜಂದಿರು ಹೇಳಬಹುದಾದ ಕಥೆ. ಎಣ್ಣೆ ಕುಡಿಸುವುದು ಮಾತ್ರ ಬೇಡ!

ಒಂಬತ್ತು ದಿನಗಳ ಮಹಾನವಮಿಯನ್ನು ಗೆಳೆಯರು ಕಣ್ಣಾರೆ ಕಂಡರು. ಆನೆ ಕುದುರೆಗಳ ಮೆರವಣಿಗೆ, ಜಟ್ಟಿ ಕಾಳಗ, ಕುಣಿತ, ರಾತ್ರಿ ಹಗಲಾಗುವಂತೆ ಪಂಜುಗಳು, ಆಕಾಶಕ್ಕೆ ಚಿಮ್ಮುವ ಬಾಣಬಿರುಸು. ಆಮೇಲೆ ರಾಜ ತನ್ನ ದಂಡನ್ನು ಸಾಲಾಗಿ ನಿಲ್ಲಿಸಿ ನೋಡುತ್ತ ಹೋದ. ಆ ದಿನ ಪೇಸ್ ಕುದುರೆಯ ಮೇಲೆ ಕುಳಿತಿದ್ದ. ಅತ್ತ ಇತ್ತ ತಲೆ ತಿರುಗಿಸಿ ತಿರುಗಿಸಿ, ಮೈಮರೆತು, ಹಿಂದಕ್ಕೆ ಬೀಳುವುದರಲ್ಲಿದ್ದನಂತೆ! ಕನಸಿನಲ್ಲಿದ್ದೇನೋ ಎಂದು ಅನಿಸಿತಂತೆ. ಇದನ್ನು ಅವನು ನಾಚಿಕೆಯಿಲ್ಲದೆ ಬರೆದುಕೊಂಡಿದ್ದಾನೆ.

ಅವನ ಕಿವಿಗೆ ನಮ್ಮ ಹೆಸರುಗಳು ಹೇಗೆ ಕೇಳಿದವು ಗೊತ್ತೇ? ವಿಜಯನಗರ ಅವನಿಗೆ 'ಬಿಸ್ನಗ'. ಕೃಷ್ಣರಾಯ 'ಕ್ರಿಸ್ನರಾವೊ'. ನಗಬೇಡಿ. ಅವನ ಊರಿನ ಹೆಸರನ್ನು ಅವನು ಹೇಳಿದಂತೆ ಹೇಳಲು ನಮ್ಮ ನಾಲಗೆಯೂ ತೊಡರುತ್ತದೆ.

ನಗರ ಹೋಯಿತು, ಬರಹ ಉಳಿಯಿತು

1565ರ ಜನವರಿ. ತಾಳಿಕೋಟೆ ಯುದ್ಧ ಎಂದು ಕರೆಯುವ ಕಾಳಗದಲ್ಲಿ ವಿಜಯನಗರ ಸೋತಿತು. ಅದಾದ ಮೇಲೆ ರಾಜಧಾನಿಯನ್ನು ಕೊಳ್ಳೆ ಹೊಡೆದು ಹಾಳುಗೆಡವಿದರು. ಎರಡು ವರ್ಷಗಳ ನಂತರ, 1567ರಲ್ಲಿ, ವೆನಿಸ್ ನಗರದ ವ್ಯಾಪಾರಿ ಚೆಸಾರೆ ಫೆಡೆರಿಚಿ ಇಲ್ಲಿಗೆ ಬಂದ. ದಾರಿಗಳಲ್ಲಿ ಕಳ್ಳರ ಭಯವಿದ್ದುದರಿಂದ ಏಳು ತಿಂಗಳು ಇಲ್ಲೇ ಉಳಿಯಬೇಕಾಯಿತು. ಮನೆಗಳು ಇನ್ನೂ ನಿಂತಿದ್ದವು. ಆದರೆ ಬರಿದಾಗಿದ್ದವು. ಒಳಗೆ ಹುಲಿ ಮತ್ತಿತರ ಕಾಡುಪ್ರಾಣಿಗಳು ಸೇರಿಕೊಂಡಿದ್ದವೆಂದು ಅವನು ಬರೆದಿದ್ದಾನೆ. ಪೇಸ್ ದ್ರಾಕ್ಷಿಯ ಬೆಲೆ ಕೇಳಿದ ಪೇಟೆಗೆ ಐವತ್ತು ವರ್ಷ ತುಂಬುವ ಮೊದಲೇ ಬಂದ ಗತಿ ಇದು.

ದಂತದ ಕೋಣೆ ಹೋಯಿತು. ಬಣ್ಣದ ಚಿತ್ರಗಳು ಹೋದವು. ನೆರಳಿನ ಮರಗಳು ಹೋದವು. ಪೇಸ್ ಬರೆದ ಹಾಳೆಗಳು ಮಾತ್ರ ಪೋರ್ಚುಗಲ್ ಸೇರಿದವು. ಅವುಗಳ ಪ್ರತಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಉಳಿದುಕೊಂಡಿತು. 1897ರಲ್ಲಿ ಡೇವಿಡ್ ಲೊಪೆಸ್ ಎಂಬ ವಿದ್ವಾಂಸ ಅದನ್ನು ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. 1900ರಲ್ಲಿ ಮದ್ರಾಸ್ ಪ್ರಾಂತದ ಅಧಿಕಾರಿಯಾಗಿದ್ದ ರಾಬರ್ಟ್ ಸಿವೆಲ್ ಇಂಗ್ಲಿಷಿಗೆ ಅನುವಾದಿಸಿ, 'ಎ ಫರ್ಗಾಟನ್ ಎಂಪೈರ್' ಎಂಬ ತಮ್ಮ ಪುಸ್ತಕದಲ್ಲಿ ಸೇರಿಸಿದರು. ಮರೆತುಹೋದ ಸಾಮ್ರಾಜ್ಯ ಎಂದು ಅದರ ಅರ್ಥ. ಹೀಗೆ ನಮ್ಮದೇ ಊರಿನ ಹಳೆಯ ಸಂತೆಯ ಸುದ್ದಿ ಸುಮಾರು ನಾಲ್ಕು ನೂರು ವರ್ಷ ಪರದೇಶದಲ್ಲಿದ್ದು ನಮ್ಮ ಬಳಿಗೆ ತಿರುಗಿ ಬಂತು.

ಶಾಸನಗಳು ದಾನ ದತ್ತಿಗಳನ್ನು ಹೇಳುತ್ತವೆ. ಕಾವ್ಯಗಳು ರಾಜನ ಕೀರ್ತಿಯನ್ನು ಹೇಳುತ್ತವೆ. ಹತ್ತು ದಾಳಿಂಬೆಗೆ ಎಷ್ಟು ಹಣ, ಹರಿಗೋಲಿನಲ್ಲಿ ಎಷ್ಟು ಜನ, ಅರಮನೆಯ ಬಾಗಿಲಲ್ಲಿ ಹೇಗೆ ಎಣಿಸಿದರು ಎಂಬುದನ್ನು ಹೇಳಿದವನು ಪ್ರವಾಸಕ್ಕೆ ಬಂದ ಒಬ್ಬ ಪರದೇಶಿ. ದಿನವೂ ನೋಡುವವರಿಗೆ ಅವು ಬರೆಯುವಂಥ ಸಂಗತಿ ಎನಿಸುವುದೇ ಇಲ್ಲ. ಹೊಸಬನ ಕಣ್ಣಿಗೆ ಎಲ್ಲವೂ ಹೊಸದು.

ನೀವೂ ಬರೆಯಿರಿ

ಮುಂದಿನ ರಜೆಯಲ್ಲಿ ಪ್ರವಾಸ ಹೋದರೆ, ಅದು ಹಂಪಿಯಾಗಲಿ, ಸಂಡೂರಿನ ಕುಮಾರಸ್ವಾಮಿ ಬೆಟ್ಟವಾಗಲಿ, ಕಂಪ್ಲಿಯ ಹೊಳೆದಂಡೆಯಾಗಲಿ, ಮೊಬೈಲಿನಲ್ಲಿ ನೂರು ಫೋಟೊ ತೆಗೆದು ಸುಮ್ಮನಾಗಬೇಡಿ. ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಹತ್ತು ಸಾಲು ಬರೆಯಿರಿ. ಬಾಳೆಹಣ್ಣು ಡಜನ್ನಿಗೆ ಎಷ್ಟು? ದೋಣಿಯಲ್ಲಿ ಎಷ್ಟು ಜನ ಕೂತಿದ್ದಿರಿ? ಯಾವ ಮರದ ನೆರಳಿತ್ತು? ಯಾರು ನೀರು ಕೊಟ್ಟರು? ಕಂಡದ್ದನ್ನು ಕಂಡೆ ಎಂದು, ಕೇಳಿದ್ದನ್ನು ಕೇಳಿದೆ ಎಂದು ಬರೆಯಿರಿ. ಕಾಣದ್ದನ್ನು ಕಾಣಲಿಲ್ಲ ಎನ್ನಿ.

ಅಜ್ಜ ಅಜ್ಜಿಯರೇ, ನಿಮಗೂ ಒಂದು ಕೆಲಸವಿದೆ. ನೀವು ಚಿಕ್ಕವರಿದ್ದಾಗ ಈ ದಾರಿ ಹೇಗಿತ್ತು, ಜಾತ್ರೆಗೆ ಹೇಗೆ ಹೋಗುತ್ತಿದ್ದಿರಿ, ಕಿಸೆಯಲ್ಲಿ ಎಷ್ಟು ಕಾಸಿರುತ್ತಿತ್ತು ಎಂದು ಹೇಳಿ. ಮೊಮ್ಮಕ್ಕಳು ಬರೆದುಕೊಳ್ಳಲಿ. ಇಂದಿನ ಮಕ್ಕಳಿಗೆ ಆ ಕಾಲವೂ ಒಂದು ಪರದೇಶವೇ.

ಮಲಪನಗುಡಿ ದಾರಿಯಲ್ಲಿ ಚೀಲ ಹೊತ್ತ ಗುಂಪು ಇನ್ನೊಮ್ಮೆ ಕಂಡರೆ, ಕೈ ಬೀಸುವುದರ ಜೊತೆಗೆ ಯಾವ ಊರು ಎಂದು ಕೇಳಿ. ದಾರಿ ತಪ್ಪಿದ್ದರೆ ಸರಿಯಾದ ದಾರಿ ತೋರಿಸಿ. ಅವರಲ್ಲಿ ಯಾರ ಚೀಲದಲ್ಲಿ ನೋಟ್‌ಬುಕ್ ಇದೆಯೋ ಯಾರು ಬಲ್ಲರು? ಅದರಲ್ಲಿ ನಿಮ್ಮ ಊರಿನ ಮಾತೂ ಬರಬಹುದು.